ವ್ಯಕ್ತಿಗೆ ಸಂಖ್ಯೆ: ಬ್ರಿಟನ್ನಿನ ಎರಡು ಕ್ರಮಗಳು ಮತ್ತು ನಮ್ಮ ಆಧಾರ್

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ರೈತರಿಗೆ ಸರ್ಕಾರಿ ಸಂಖ್ಯೆಯೆಂಬುದು ಹೊಸದಲ್ಲ. ಆದರೆ ಹಿಂದೆ ಸಂಖ್ಯೆಯಿದ್ದುದು ಹೊಲಕ್ಕೆ, ಮನುಷ್ಯನಿಗಲ್ಲ. ಪಹಣಿಯಲ್ಲಿ ಕಾಣುವ ಸರ್ವೆ ನಂಬರು ತನ್ನ ಗ್ರಾಮದೊಳಗೆ ಮಾತ್ರ ಅರ್ಥವುಳ್ಳದ್ದು; ಗ್ರಾಮದ ಹೆಸರನ್ನು ತೆಗೆದರೆ ಅದು ಯಾವ ಹೊಲವನ್ನೂ ಸೂಚಿಸದು. ಹೊಲವು ಊರು ಬಿಟ್ಟು ಹೋಗದಾದುದರಿಂದ ಇಷ್ಟೇ ಸಾಕಾಗಿತ್ತು. ಮನುಷ್ಯನಾದರೋ ಹೋಗುತ್ತಾನೆ. ವ್ಯಕ್ತಿಗೆ ಸಂಖ್ಯೆ ಕೊಡುವ ಕಷ್ಟ ಇಲ್ಲಿಂದಲೇ ಹುಟ್ಟುತ್ತದೆ.

ಬ್ರಿಟನ್ನಿನವರು ಮೊದಲು ಮನುಷ್ಯನನ್ನೂ ಹೊಲದಂತೆಯೇ ಎಣಿಸಿದರು. ಯುದ್ಧಾರಂಭದ ತಿಂಗಳಲ್ಲಿ, ೧೯೩೯ರ ಸೆಪ್ಟೆಂಬರ್ ೨೯ರಂದು, ನಡೆದ ರಾಷ್ಟ್ರೀಯ ನೋಂದಣಿಯಲ್ಲಿ ದೊರೆತ ಸಂಕೇತವು ಎಣಿಕೆಯ ಪ್ರದೇಶವನ್ನು ಸೂಚಿಸುವ ಅಕ್ಷರಗಳಿಂದ ಆರಂಭವಾಗಿ, ಮನೆಯ ಸಂಖ್ಯೆಯನ್ನೂ ಮನೆಯೊಳಗಣ ವ್ಯಕ್ತಿಯ ಕ್ರಮಾಂಕವನ್ನೂ ಒಳಗೊಂಡಿತ್ತು. ಸರ್ವೆ ನಂಬರು, ಅದರ ಹಿಸ್ಸಾ ಎಂಬ ನಮ್ಮ ಕ್ರಮವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ೧೯೪೮ರ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಈ ಸಂಕೇತವೇ ರೋಗಿಯ ಸಂಖ್ಯೆಯಾಯಿತು. ಗುರುತಿನ ಚೀಟಿಗಳು ೧೯೫೨ರಲ್ಲಿ ರದ್ದಾದುವು. ಸಂಖ್ಯೆ ಮಾತ್ರ ಉಳಿಯಿತು. ಯುದ್ಧಾರಂಭದಲ್ಲಿ ಯಾವ ಮನೆಯಲ್ಲಿದ್ದನೋ ಆ ಮನೆಯ ಗುರುತನ್ನು ಒಬ್ಬನು ಮುದಿತನದವರೆಗೂ ಹೊತ್ತು ತಿರುಗಬೇಕಾಯಿತು.

೧೯೯೬ರಲ್ಲಿ ಜಾರಿಗೆ ಬಂದ ಹತ್ತಂಕೆಯ ಆರೋಗ್ಯ ಸಂಖ್ಯೆ ಊರನ್ನು ಹೇಳದು. ಅದರ ಕೊನೆಯ ಅಂಕೆಗೆ ಬೇರೆ ಕೆಲಸವಿದೆ. ಮೊದಲ ಒಂಬತ್ತು ಅಂಕೆಗಳನ್ನು ಕ್ರಮವಾಗಿ ೧೦, ೯, ೮ ಎಂದು ೨ರವರೆಗೆ ಗುಣಿಸಿ ಕೂಡಿಸಬೇಕು. ಮೊತ್ತವನ್ನು ೧೧ರಿಂದ ಭಾಗಿಸಿ, ಶೇಷವನ್ನು ೧೧ರಲ್ಲಿ ಕಳೆಯಬೇಕು. ಬಂದುದೇ ಹತ್ತನೆಯ ಅಂಕೆ. ೯೪೩ ೪೭೬ ೫೯೧ ಎಂಬಲ್ಲಿ ಮೊತ್ತ ೨೯೯, ಶೇಷ ೨, ಹತ್ತನೆಯ ಅಂಕೆ ೯. ಉತ್ತರ ೧೧ ಬಂದರೆ ಸೊನ್ನೆ ಬರೆಯುವರು. ೧೦ ಬಂದರೆ ಆ ಸಂಖ್ಯೆಯನ್ನು ಯಾರಿಗೂ ಕೊಡರು. ಗುಮಾಸ್ತನು ಒಂದು ಅಂಕೆಯನ್ನು ತಪ್ಪಿದರೂ ಅಕ್ಕಪಕ್ಕದ ಎರಡನ್ನು ಅದಲುಬದಲು ಮಾಡಿದರೂ ಲೆಕ್ಕ ತಾಳೆಯಾಗದು. ಒಬ್ಬನ ರಕ್ತಪರೀಕ್ಷೆಯ ವರದಿ ಇನ್ನೊಬ್ಬನ ಕಡತವನ್ನು ಸೇರದಂತೆ ಇದೊಂದು ಕಾವಲು.

ರಾಷ್ಟ್ರೀಯ ವಿಮೆಯ ಸಂಖ್ಯೆ ಇದರಿಂದ ಪ್ರತ್ಯೇಕ. ಎರಡು ಅಕ್ಷರ, ಆರು ಅಂಕೆ, ಕೊನೆಗೆ ಎ, ಬಿ, ಸಿ, ಡಿಗಳಲ್ಲಿ ಒಂದು ಅಕ್ಷರ. ತಪ್ಪು ಹಿಡಿಯುವ ಅಂಕೆ ಇದರಲ್ಲಿಲ್ಲ. ದುಡಿಯುವವನ ವಂತಿಗೆಯನ್ನೂ ಪಿಂಚಣಿಯ ಹಕ್ಕನ್ನೂ ಲೆಕ್ಕವಿಡುವುದಷ್ಟೇ ಇದರ ಮುಖ್ಯ ಕೆಲಸ. ಇದು ಗುರುತಿನ ಪುರಾವೆಯಲ್ಲ. ಆರೋಗ್ಯ ಸಂಖ್ಯೆ ನೆನಪಿಲ್ಲದವನಿಗೂ ಅಲ್ಲಿ ಚಿಕಿತ್ಸೆ ತಪ್ಪದು. ನಮ್ಮಲ್ಲಿ ೧೯೪೮ರ ನೌಕರರ ರಾಜ್ಯ ವಿಮಾ ಕಾಯಿದೆಯಂತೆ ಕಾರ್ಮಿಕನಿಗೆ ಸಿಗುವ ವಿಮಾ ಸಂಖ್ಯೆ ಇದಕ್ಕೆ ಸಮೀಪದ್ದು. ಆದರೆ ಹೊಲದ ಕೂಲಿಗೆ ಅದು ಒದಗದು. ಅವನ ಕೈಯಲ್ಲಿರುವುದು ಆಧಾರ್.

ಆಧಾರ್ ೨೦೧೦ರ ಸೆಪ್ಟೆಂಬರ್ ೨೯ರಂದು ಮಹಾರಾಷ್ಟ್ರದ ಟೆಂಭ್ಲಿ ಗ್ರಾಮದಲ್ಲಿ ಆರಂಭವಾಯಿತು. (ಬ್ರಿಟನ್ನಿನ ನೋಂದಣಿಯ ದಿನವೂ ಸೆಪ್ಟೆಂಬರ್ ೨೯, ಇದು ಕಾಕತಾಳೀಯವೇ ಹೊರತು ಬೇರೇನಲ್ಲ.) ಹನ್ನೆರಡು ಅಂಕೆಗಳಲ್ಲಿ ಮೊದಲನೆಯದು ಸೊನ್ನೆಯೂ ಅಲ್ಲ, ಒಂದೂ ಅಲ್ಲ, ಕೊನೆಯದು ಡಚ್ ಗಣಿತಜ್ಞ ವೆರ್ಹೂಫ್ ೧೯೬೯ರಲ್ಲಿ ಪ್ರಕಟಿಸಿದ ಕ್ರಮದಂತೆ ತಪ್ಪು ಹಿಡಿಯುವ ಅಂಕೆ. ಜಾತಿ, ಜಿಲ್ಲೆ, ಜನ್ಮದಿನ ಯಾವುದೂ ಅದರಲ್ಲಿ ಅಡಗಿಲ್ಲ. ಸಂಖ್ಯೆಯ ಮಟ್ಟಿಗೆ ಇದು ೧೯೩೯ರ ಸಂಕೇತಕ್ಕಿಂತ ಮೇಲಾದುದೆಂದೇ ನನ್ನ ಎಣಿಕೆ.

ತೊಡಕಿರುವುದು ಸಂಖ್ಯೆಯಲ್ಲಲ್ಲ, ಅದಕ್ಕೆ ಕಟ್ಟಿದ ಹಗ್ಗಗಳಲ್ಲಿ. ಮೂಕವಾದ ಸಂಖ್ಯೆಯೂ ಪಡಿತರ, ಬ್ಯಾಂಕು, ದೂರವಾಣಿಗಳಿಗೆಲ್ಲ ಒಂದೇ ಆದರೆ ಮಾತನಾಡತೊಡಗುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೮ರ ಸೆಪ್ಟೆಂಬರ್ ೨೬ರಂದು ತೀರ್ಪಿತ್ತು, ಬ್ಯಾಂಕ್ ಖಾತೆಗೂ ದೂರವಾಣಿಗೂ ಆಧಾರನ್ನು ಕಡ್ಡಾಯವಾಗಿ ಜೋಡಿಸುವುದನ್ನು ತಳ್ಳಿಹಾಕಿತು. ಸರ್ಕಾರದ ಸಹಾಯಧನಕ್ಕೆ ಉಳಿಸಿತು. ಆದುದರಿಂದ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳನ್ನೊತ್ತುವುದು ಉಳಿದಿದೆ. ಕಲ್ಲು ಒಡೆದು, ಮಣ್ಣು ಹೊತ್ತು ಬೆರಳಿನ ಗೆರೆ ಸವೆದವರನ್ನು ಯಂತ್ರವು ಒಮ್ಮೊಮ್ಮೆ ಗುರುತಿಸದು. ಹನ್ನೆರಡು ಅಂಕೆಗಳೂ ಸರಿಯಾಗಿರುವಾಗಲೇ ಹೀಗಾಗುವುದು. ಅಂಥವರಿಗೆ ಬೇರೆ ವಿಧದಿಂದ ಗುರುತು ಹಿಡಿದು ಪಡಿತರ ಕೊಡಬೇಕು, ಯಂತ್ರ ಒಪ್ಪದ ಮಾತ್ರಕ್ಕೆ ನಿರಾಕರಿಸಬಾರದು ಎಂಬುದನ್ನು ಅದೇ ತೀರ್ಪು ದಾಖಲಿಸಿದೆ.