ತಡವಾಗಿ ಬಂದ ಸ್ವಾಗತ

1965ರ ಮಾರ್ಚ್ 10ರಂದು ಆಸ್ಟ್ರೇಲಿಯಾದಲ್ಲಿ ಒಂದು ಲಾಟರಿ ಡ್ರಮ್ಮು ತಿರುಗಿತು. ಒಳಗಿದ್ದದ್ದು ಅಂಕಿ ಬರೆದ ಮರದ ಗೋಲಿಗಳು. ಒಂದೊಂದು ಅಂಕಿಗೂ ಒಂದೊಂದು ಹುಟ್ಟಿದ ತಾರೀಖು. ಗೋಲಿ ಹೊರಬಿದ್ದ ತಾರೀಖಿನವರು, ಆಗಷ್ಟೇ 20 ತುಂಬುತ್ತಿದ್ದ ಹುಡುಗರು, ಎರಡು ವರ್ಷ ಸೈನ್ಯದಲ್ಲಿ ದುಡಿಯಬೇಕಿತ್ತು. ಆ ದೇಶದಲ್ಲಿ ಆಗ ಮತದಾನದ ವಯಸ್ಸು 21. ಸರ್ಕಾರವನ್ನು ಆರಿಸುವಷ್ಟು ದೊಡ್ಡವನಲ್ಲ, ಅದು ಹೇಳಿದ ಕಡೆ ಹೋಗಿ ಸಾಯುವಷ್ಟು ದೊಡ್ಡವನು! 1972ರವರೆಗೂ ನಡೆದ ಈ ಚೀಟಿ ಎತ್ತುವ ಪದ್ಧತಿಯಲ್ಲಿ ಸೈನ್ಯ ಸೇರಿದವರ ಪೈಕಿ 15,000ಕ್ಕೂ ಹೆಚ್ಚು ಮಂದಿ ವಿಯೆಟ್ನಾಮಿಗೆ ಹೋದರು. ಅವರಲ್ಲಿ ಸುಮಾರು 200 ಮಂದಿ ಅಲ್ಲೇ ಮಡಿದರು.

ವಿಯೆಟ್ನಾಂ ಯುದ್ಧ ಎಂದರೆ ನಮಗೆ ಅಮೆರಿಕ ನೆನಪಾಗುತ್ತದೆ. ಆದರೆ ಅಮೆರಿಕದ ಪಕ್ಕದಲ್ಲಿ ದಕ್ಷಿಣ ಕೊರಿಯಾ, ಥಾಯ್ಲೆಂಡ್, ಫಿಲಿಪ್ಪೀನ್ಸ್, ನ್ಯೂಜಿಲೆಂಡ್‌ಗಳ ಜೊತೆ ಆಸ್ಟ್ರೇಲಿಯಾವೂ ಇತ್ತು. ಏಷ್ಯಾದಲ್ಲಿ ಕಮ್ಯುನಿಸಂ ಒಂದೊಂದೇ ದೇಶವನ್ನು ನುಂಗುತ್ತಾ ತಮ್ಮ ಬಾಗಿಲಿಗೂ ಬರುತ್ತದೆ ಎಂಬ ಭಯ ಒಂದು ಕಡೆ, ಕಷ್ಟಕಾಲಕ್ಕೆ ಅಮೆರಿಕ ಒದಗಬೇಕಾದರೆ ಈಗ ಅದರ ಜೊತೆ ನಿಲ್ಲಬೇಕು ಎಂಬ ಲೆಕ್ಕಾಚಾರ ಇನ್ನೊಂದು ಕಡೆ. 1962ರಲ್ಲಿ ಹೋದವರು 30 ಮಂದಿ ತರಬೇತುದಾರರಷ್ಟೇ. 1965ರ ಏಪ್ರಿಲ್‌ನಲ್ಲಿ ಪ್ರಧಾನಿ ರಾಬರ್ಟ್ ಮೆಂಝೀಸ್ ಒಂದು ಪೂರ್ತಿ ಬೆಟಾಲಿಯನ್ ಕಳಿಸುವುದಾಗಿ ಘೋಷಿಸಿದರು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 60,000 ಆಸ್ಟ್ರೇಲಿಯನ್ನರು ಅಲ್ಲಿ ಸೇವೆ ಸಲ್ಲಿಸಿದ್ದರು. ಸತ್ತವರು 500ಕ್ಕೂ ಹೆಚ್ಚು, ಗಾಯಗೊಂಡವರು 3,000ದಷ್ಟು.

ಅಲ್ಲಿನ ಕಾಳಗ ಹೇಗಿತ್ತು ಎನ್ನುವುದಕ್ಕೆ 1966ರ ಆಗಸ್ಟ್ 18ರ ಮಧ್ಯಾಹ್ನವನ್ನು ನೋಡಬೇಕು. ನುಯಿ ಡಾಟ್ ಶಿಬಿರದಲ್ಲಿ ಸೈನಿಕರ ಮನರಂಜನೆಗೆಂದು ಗಾಯಕ ಕಾಲ್ ಜಾಯ್ ಮತ್ತು ಹದಿಹರೆಯದ ಗಾಯಕಿ ಲಿಟ್ಲ್ ಪ್ಯಾಟಿ ಹಾಡುತ್ತಿದ್ದರು. ಕೆಲವೇ ಕಿಲೋಮೀಟರ್ ಆಚೆ, ಲಾಂಗ್ ಟಾನ್ ಎಂಬಲ್ಲಿನ ರಬ್ಬರ್ ತೋಟದಲ್ಲಿ, 108 ಮಂದಿಯ ಒಂದು ತುಕಡಿ ತನಗಿಂತ ಎಷ್ಟೋ ಪಟ್ಟು ದೊಡ್ಡ ಪಡೆಯ ನಡುವೆ ಸಿಕ್ಕಿಕೊಂಡಿತು. ಮುಂಗಾರು ಮಳೆ ಧೋ ಎಂದು ಸುರಿಯುತ್ತಿತ್ತು. ಗುಂಡುಗಳು ಮುಗಿಯುತ್ತಾ ಬಂದವು. ಎರಡು ಹೆಲಿಕಾಪ್ಟರ್‌ಗಳು ಮರಗಳ ನೆತ್ತಿಯ ಮಟ್ಟಕ್ಕೆ ಇಳಿದು, ಗಾಯಾಳುಗಳಿಗೆಂದು ತಂದ ಕಂಬಳಿಗಳಲ್ಲಿ ಮದ್ದುಗುಂಡಿನ ಪೆಟ್ಟಿಗೆಗಳನ್ನು ಸುತ್ತಿ ಕೆಳಗೆ ಹಾಕಿದವು. ಕತ್ತಲಾಗುವ ಹೊತ್ತಿಗೆ ಕವಚದ ವಾಹನಗಳು ಬಂದು ಸೇರಿದ ಮೇಲಷ್ಟೇ ಕಾಳಗ ನಿಂತಿತು. 18 ಆಸ್ಟ್ರೇಲಿಯನ್ನರು ಸತ್ತಿದ್ದರು. ಎದುರು ಪಾಳೆಯದಲ್ಲಿ ಸತ್ತವರು ನೂರಾರು. ಅವರೂ ಇದೇ ವಯಸ್ಸಿನ ಹುಡುಗರೇ.

ಆಗಿನ್ನೂ ಊರಿನ ಜನ ಯುದ್ಧದ ಪರವಾಗಿದ್ದರು. ಆ ವರ್ಷದ ಜೂನ್‌ನಲ್ಲಿ ಮೊದಲ ಬೆಟಾಲಿಯನ್ ಸಿಡ್ನಿಯ ಬೀದಿಗಳಲ್ಲಿ ಪಥಸಂಚಲನ ಮಾಡಿದಾಗ ಲಕ್ಷಾಂತರ ಮಂದಿ ನೋಡಲು ನೆರೆದರು. ಮೈಗೆ ಕೆಂಪು ಬಣ್ಣ ಬಳಿದುಕೊಂಡ ಯುವತಿಯೊಬ್ಬಳು ಸಾಲಿನೊಳಗೆ ನುಗ್ಗಿ ಸೈನಿಕರ ಸಮವಸ್ತ್ರಕ್ಕೆ ಅದನ್ನು ಮೆತ್ತಿದಳು. ಅಂದು ಅವಳು ಒಂಟಿ. ನಾಲ್ಕು ವರ್ಷಗಳಲ್ಲಿ ಗಾಳಿ ತಿರುಗಿತು. 'ನಮ್ಮ ಮಕ್ಕಳನ್ನು ಉಳಿಸಿ' ಎಂದು ತಾಯಂದಿರು 1965ರಲ್ಲೇ ಸಂಘ ಕಟ್ಟಿದ್ದರು. ಯುದ್ಧ ಸಾಮಗ್ರಿ ಹೊತ್ತ ಹಡಗಿನಲ್ಲಿ ಕೆಲಸ ಮಾಡಲು ನಾವಿಕರ ಯೂನಿಯನ್ ಒಪ್ಪಲಿಲ್ಲ. ಹಡಗನ್ನು ನೌಕಾಪಡೆಯೇ ವಹಿಸಿಕೊಳ್ಳಬೇಕಾಯಿತು. 1970ರ ಮೇ 8ರಂದು ಮೆಲ್ಬರ್ನ್‌ನ ಬರ್ಕ್ ಸ್ಟ್ರೀಟ್‌ನಲ್ಲಿ ಸಂಸದ ಜಿಮ್ ಕೇರ್ನ್ಸ್ ನೇತೃತ್ವದಲ್ಲಿ ಕೂತ ಜನಸಾಗರ 70,000ಕ್ಕೂ ಮಿಕ್ಕಿತ್ತು.

ಅಮೆರಿಕ ತನ್ನ ಸೈನ್ಯವನ್ನು ಕಡಿಮೆ ಮಾಡುತ್ತಾ ಬಂದಂತೆ ಮಿತ್ರದೇಶಗಳಿಗೂ ಅಲ್ಲಿರಲು ಕಾರಣ ಉಳಿಯಲಿಲ್ಲ. 1970ರ ಕೊನೆಗೆ ಊರಿಗೆ ಮರಳಿದ ಒಂದು ಬೆಟಾಲಿಯನ್ನಿನ ಜಾಗಕ್ಕೆ ಬೇರೆಯದನ್ನು ಕಳಿಸಲಿಲ್ಲ. 1971ರ ಆಗಸ್ಟ್ 18ರಂದು ಪ್ರಧಾನಿ ವಿಲಿಯಂ ಮೆಕ್‌ಮಹೋನ್ ಹೋರಾಟದ ಪಡೆಗಳೆಲ್ಲ ವಾಪಸ್ ಎಂದು ಘೋಷಿಸಿದರು. ಅದು ಲಾಂಗ್ ಟಾನ್ ಕಾಳಗ ನಡೆದು ಸರಿಯಾಗಿ ಐದು ವರ್ಷ ತುಂಬಿದ ದಿನ. ನವೆಂಬರ್‌ನಲ್ಲಿ ನುಯಿ ಡಾಟ್ ಖಾಲಿಯಾಯಿತು. 1972ರ ಡಿಸೆಂಬರ್‌ನಲ್ಲಿ ಚುನಾವಣೆ ಗೆದ್ದ ಗಫ್ ವಿಟ್ಲಮ್, ಅಧಿಕಾರಕ್ಕೆ ಬಂದ ಕೂಡಲೇ ಕಡ್ಡಾಯ ಸೇವೆಯನ್ನು ರದ್ದು ಮಾಡಿದರು. ಉಳಿದಿದ್ದ ತರಬೇತುದಾರರೂ ಅದೇ ತಿಂಗಳು ಮರಳಿದರು. ಗೆಲುವಿನ ಘೋಷಣೆ ಇಲ್ಲ, ಸೋಲೊಪ್ಪಿದ ಮಾತೂ ಇಲ್ಲ.

ವಿಯೆಟ್ನಾಮಿನಿಂದ ಬಂದವರನ್ನು ಯಾರೂ ಸ್ವಾಗತಿಸಲೇ ಇಲ್ಲ ಎಂಬ ಮಾತು ಆಸ್ಟ್ರೇಲಿಯಾದಲ್ಲಿ ಬೇರೂರಿದೆ. ಇದು ಪೂರ್ತಿ ನಿಜವಲ್ಲ. 1966ರಿಂದ 1971ರ ನಡುವೆ ಹತ್ತಕ್ಕೂ ಹೆಚ್ಚು ಪಥಸಂಚಲನಗಳು ನಡೆದವು. ಆದರೆ ಅವು ಬೆಟಾಲಿಯನ್‌ಗಳಿಗೆ. 'ಸಿಡ್ನಿ' ಎಂಬ ಯುದ್ಧನೌಕೆಯಲ್ಲಿ, ಸೈನಿಕರು ವಿಯೆಟ್ನಾಮಿನ ಬಂದರೊಂದರ ಹೆಸರಿಟ್ಟು ತಮಾಷೆಗೆ 'ವುಂಗ್ ಟಾವ್ ಫೆರ್ರಿ' ಎನ್ನುತ್ತಿದ್ದ ಹಡಗಿನಲ್ಲಿ, ಒಟ್ಟಿಗೆ ಬಂದವರಿಗೆ ಮೆರವಣಿಗೆ ಸಿಕ್ಕಿತು. ನಡುವೆ ಬದಲಿಯಾಗಿ ಹೋಗಿ ತನ್ನ ಅವಧಿ ಮುಗಿಸಿದವನು ಮಾತ್ರ ಒಬ್ಬನೇ ವಿಮಾನ ಹತ್ತಿ ಬಂದ. ಹುಟ್ಟಿದ ತಾರೀಖಿನ ಗೋಲಿ ಬಿದ್ದು ಹೋದವನಾದರೆ ಸಮವಸ್ತ್ರ ಕಳಚಿ ನೇರ ಹಳೆಯ ಕೆಲಸಕ್ಕೆ, ಹಳೆಯ ಮನೆಗೆ. ಕಾಡಿನಲ್ಲಿ ಹೆಗಲಿಗೆ ಹೆಗಲು ಕೊಟ್ಟಿದ್ದವರಲ್ಲಿ ಒಬ್ಬನೂ ಪಕ್ಕದಲ್ಲಿಲ್ಲ. ಹಿಂದಿನ ಮಹಾಯುದ್ಧಗಳಲ್ಲಿ ಕಾದಾಡಿದ್ದ ಹಿರಿಯರು ತಮ್ಮ ಕ್ಲಬ್ಬುಗಳಲ್ಲಿ ಇವರದ್ದೂ ಒಂದು ಯುದ್ಧವೇ ಎಂದು ಮೂಗು ಮುರಿದ ಪ್ರಸಂಗಗಳನ್ನು ಅನೇಕರು ಹೇಳಿಕೊಂಡಿದ್ದಾರೆ. ಯುದ್ಧವನ್ನು ವಿರೋಧಿಸಿದವರು ಸರಿಯಾಗಿಯೇ ವಿರೋಧಿಸಿದರು. ತಪ್ಪು ಆದದ್ದು ಆ ಕೋಪ ಮಂತ್ರಿಗಳನ್ನು ದಾಟಿ, ಗೋಲಿ ಹೊರಬಿದ್ದ ಕಾರಣಕ್ಕೆ ಹೋದ ಹುಡುಗನ ಮೇಲೂ ಬಿದ್ದಾಗ.

ಬೆಂಬಲ ಸರ್ಕಾರದಿಂದ ತಾನಾಗಿ ಬರಲಿಲ್ಲ, ಮಾಜಿ ಸೈನಿಕರೇ ಕೇಳಿ ಪಡೆದರು. 1970ರ ದಶಕದ ಕೊನೆಗೆ ಸಂಘ ಕಟ್ಟಿಕೊಂಡು, ಕಾಡಿನ ಎಲೆ ಉದುರಿಸಲು ಸಿಂಪಡಿಸಿದ 'ಏಜೆಂಟ್ ಆರೆಂಜ್' ತಮ್ಮ ಮತ್ತು ಮಕ್ಕಳ ಆರೋಗ್ಯ ಕೆಡಿಸಿದೆ ಎಂದು ದನಿ ಎತ್ತಿದರು. 1985ರಲ್ಲಿ ವಿಚಾರಣಾ ಆಯೋಗ ಆ ರಾಸಾಯನಿಕವನ್ನು ದೋಷಮುಕ್ತ ಮಾಡಿತು; ಅವರಿಗೆ ಅದು ಇನ್ನೊಂದು ಪೆಟ್ಟು. ಆದರೆ ಅಷ್ಟರಲ್ಲಿ, 1982ರಲ್ಲಿ, ಅವರಿಗೂ ಅವರ ಕುಟುಂಬದವರಿಗೂ ಆಪ್ತಸಮಾಲೋಚನೆಯ ಸೇವೆ ಶುರುವಾಗಿತ್ತು. ಮೆರವಣಿಗೆಗಿಂತ ಇದು ದೊಡ್ಡ ಗೆಲುವು. ರಾತ್ರಿ ನಿದ್ದೆಯಿಲ್ಲದೆ ಎದ್ದು ಕೂರುವವನ ಕಷ್ಟ ಹೆಂಡತಿಗೂ ಮಕ್ಕಳಿಗೂ ತಟ್ಟುತ್ತದೆ ಎಂದು ಒಪ್ಪಿಕೊಂಡ ಸೇವೆ ಅದು.

1987ರ ಅಕ್ಟೋಬರ್ 3ರಂದು ಸಿಡ್ನಿಯಲ್ಲಿ ಕೊನೆಗೂ ಎಲ್ಲರಿಗೂ ಸೇರಿದ ಸ್ವಾಗತ ನಡೆಯಿತು. 20,000ಕ್ಕೂ ಹೆಚ್ಚು ಮಾಜಿ ಸೈನಿಕರು ನಡೆದರು, ಇಕ್ಕೆಲಗಳಲ್ಲಿ ಲಕ್ಷಾಂತರ ಜನ. ಮುಂದೆ ಸಾಗಿದ್ದು ಸತ್ತ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ರಾಷ್ಟ್ರಧ್ವಜ. ಐದು ವರ್ಷದ ನಂತರ ಅದೇ ತಾರೀಖಿಗೆ ಕ್ಯಾನ್‌ಬೆರಾದಲ್ಲಿ ಸ್ಮಾರಕ ತೆರೆಯಿತು.

ಆದರೂ ಒಂದು ಲೆಕ್ಕ ಬಾಕಿಯಿತ್ತು. 1966ರ ಆರಂಭದವರೆಗೂ ಹೊರದೇಶದಲ್ಲಿ ಸತ್ತ ಸೈನಿಕನ ಶವ ಊರಿಗೆ ತರಬೇಕಾದರೆ ಮನೆಯವರೇ ದುಡ್ಡು ಕಟ್ಟಬೇಕಿತ್ತು. ಕಟ್ಟಲಾಗದವರ ಮಕ್ಕಳನ್ನು ಮಲೇಷ್ಯಾದ ಟೆರೆಂಡಾಕ್‌ನಂಥ ಕಡೆ ಹೂಳಲಾಯಿತು. 2016ರ ಜೂನ್‌ನಲ್ಲಿ ಸರ್ಕಾರ 33 ಮಂದಿಯ ಅವಶೇಷಗಳನ್ನು ತನ್ನ ಖರ್ಚಿನಲ್ಲೇ ತರಿಸಿತು. ಅರ್ಧ ಶತಮಾನ ಕಾದಿದ್ದ ಕುಟುಂಬಗಳು ವಿಮಾನ ನಿಲ್ದಾಣದಲ್ಲಿದ್ದವು. ಶವವಾಹನಗಳು ಸಾಗಿದ ದಾರಿಯುದ್ದಕ್ಕೂ ಜನ ನಿಂತಿದ್ದರು.

ವಿಯೆಟ್ನಾಮಿನ ನಂತರ ಅಫ್ಘಾನಿಸ್ತಾನದಲ್ಲೂ ಆಸ್ಟ್ರೇಲಿಯಾ ಅಮೆರಿಕದ ಜೊತೆ ನಿಂತಿತು, 41 ಮಂದಿಯನ್ನು ಕಳೆದುಕೊಂಡಿತು, 2021ರಲ್ಲಿ ಅಮೆರಿಕ ಹೊರಟಾಗ ತಾನೂ ಹೊರಟಿತು. ಈ ಸಲ ಸೈನಿಕರನ್ನು ಯಾರೂ ಹೀಯಾಳಿಸಲಿಲ್ಲ. ಹಾಗಿದ್ದೂ ಅದೇ ವರ್ಷ, ಸೈನಿಕರ ಮತ್ತು ಮಾಜಿ ಸೈನಿಕರ ಆತ್ಮಹತ್ಯೆಗಳ ಬಗ್ಗೆ ರಾಯಲ್ ಕಮಿಷನ್ ನೇಮಿಸಬೇಕಾಯಿತು. 1997ರಿಂದ 2021ರವರೆಗೆ ಕನಿಷ್ಠ 1,677 ಮಂದಿ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ, ಕರ್ತವ್ಯದ ಮೇಲೆ ಹತರಾದವರ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಎಂದು 2024ರ ಸೆಪ್ಟೆಂಬರ್‌ನ ಅಂತಿಮ ವರದಿ ಹೇಳಿತು. ಅದು ಕೊಟ್ಟ ಶಿಫಾರಸುಗಳು 122. ಅವುಗಳಲ್ಲಿ ಒಂದು, ಸೈನ್ಯ ಬಿಟ್ಟು ಸಾಮಾನ್ಯ ಬದುಕಿಗೆ ಮರಳುವವರ ಕೈ ಹಿಡಿಯಲೆಂದೇ ಹೊಸ ಸಂಸ್ಥೆಯೊಂದನ್ನು ಕಟ್ಟಬೇಕು ಎಂಬುದು.