ಗಿಡ ಕೊಯ್ಯುವವರು

ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ಚಿಕ್ಕೋಡಿ ಸೀಮೆಯಲ್ಲಿ ಮರಕ್ಕೂ ಗಿಡವೆಂದೇ ಹೆಸರು. ಹೊಲದ ಬದುವಿನ ಮುದಿ ಬೇವಾಗಲಿ, ಹಳ್ಳದ ದಂಡೆಯ ಜಾಲಿಯಾಗಲಿ, ಊರ ಮುಂದಿನ ಆಲವಾಗಲಿ, ಅದನ್ನು ಉರುಳಿಸಿ, ಟೊಂಗೆ ಸವರಿ, ತುಂಡು ಮಾಡಿ ಟ್ರ್ಯಾಕ್ಟರಿಗೆ ಏರಿಸಿಕೊಡುವವರು ಗಿಡ ಕೊಯ್ಯುವವರು. ನಿಪ್ಪಾಣಿಯ ತಂಬಾಕನ್ನೂ ಅಥಣಿಯ ಚಪ್ಪಲಿಯನ್ನೂ ಕುರಿತು ಅನೇಕರು ಬರೆದಿದ್ದಾರೆ. ಈ ಕಸುಬಿನವರ ಪರಿಚಯವಾದರೋ ಗಾಳಿಮಳೆಗೆ ಟೊಂಗೆ ಮುರಿದು ಹೆಸ್ಕಾಂ ತಂತಿಯ ಮೇಲೆ ಒರಗಿದ ದಿನ ಮಾತ್ರ ನಮಗೆ ಬೇಕಾಗುವುದು.

ಕೊಡಲಿಯ ಕಾಲದಲ್ಲಿ ಮರ ಬೀಳಲು ಅರ್ಧ ದಿನ ಹಿಡಿಯುತ್ತಿತ್ತು. ಆ ಅರ್ಧ ದಿನವೇ ಕಡಿಯುವವನಿಗೆ ರಕ್ಷಣೆಯೂ ಆಗಿತ್ತು, ಏಕೆಂದರೆ ಪ್ರತಿಯೊಂದು ಪೆಟ್ಟಿನ ನಡುವೆ ಕತ್ತೆತ್ತಿ ನೋಡಲು ಅವಕಾಶವಿತ್ತು. ಆಮೇಲೆ ಯಂತ್ರ ಬಂದಿತು: ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದಲೂ 1929ರಲ್ಲಿ ಪೆಟ್ರೋಲಿನಿಂದಲೂ ನಡೆಯುವ ಸರಪಳಿ ಗರಗಸಗಳನ್ನು ನಿರ್ಮಿಸಿದನು. ಅಮೆರಿಕದ ಒರೆಗಾನಿನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತನು, ಕೊರಡಿನೊಳಗೆ ಎಡಕ್ಕೂ ಬಲಕ್ಕೂ ಮೆಲ್ಲುತ್ತ ಸಾಗುವ ದುಂಬಿಯ ಮರಿಹುಳುವನ್ನು ಕಂಡು, ಅದರ ದವಡೆಯ ಮಾದರಿಯಲ್ಲಿ ಹಲ್ಲುಗಳನ್ನು ರೂಪಿಸಿ 1947ರಲ್ಲಿ ಮಾರಾಟಕ್ಕೆ ತಂದನು. ಇಂದು ನಮ್ಮ ಹೊಲಗಳಲ್ಲಿ ಕೂಗುವ ಮಷಿನ್ನಿನ ಹಲ್ಲು ಬಹುಮಟ್ಟಿಗೆ ಆ ಹುಳುವಿನ ಸಂತತಿಯೇ.

2019ರ ಆಗಸ್ಟಿನ ಮಹಾಪೂರ ಇಳಿದ ಬಳಿಕ, ಕೃಷ್ಣೆಯ ದಂಡೆಯಲ್ಲಿ ವಾಲಿನಿಂತಿದ್ದ ಹುಣಸೆಯೊಂದನ್ನು ಕೆಡಹುವುದನ್ನು ನಿಂತು ನೋಡಿದ್ದೆ. ತಂಡದ ಹಿರಿಯರು ಮಷಿನ್ ಮುಟ್ಟುವ ಮೊದಲು ಮರದ ಸುತ್ತ ಎರಡು ಸಲ ನಡೆದರು. ನೆರೆಯ ರೇವೆ ತೊಗಟೆಯಲ್ಲಿ ಕೂತರೆ ಚೈನು ಮೊಂಡಾಗುವುದೆಂದು ಅದನ್ನು ಕೆರೆಸಿದರು. ಆಮೇಲೆ ಕೊಡಲಿಯ ಬೆನ್ನಿನಿಂದ ಬೊಡ್ಡೆಗೆ ಬಡಿದು, ಕಿವಿಗೊಟ್ಟು, “ಒಳಗ ಪೊಳ್ಳೈತ್ರಿ, ಈ ಕಡೆ ಯಾರೂ ನಿಂದರಬ್ಯಾಡ್ರಿ” ಎಂದರು. ಬೀಳುವ ದಿಕ್ಕಿಗೆ ಕಚ್ಚು ಹಾಕಿ, ಹಿಂದಿನಿಂದ ಕೊಯ್ಯುತ್ತ, ನಡುವೆ ನಾಲ್ಕು ಬೆರಳಗಲ ತಿರುಳನ್ನು ಬಾಗಿಲ ತಿರುಗಣಿಯಂತೆ ಉಳಿಸಿದರು. ಇಷ್ಟು ಸೂಕ್ಷ್ಮವಾದ ವಿದ್ಯೆಯುಳ್ಳ ಆ ಮನುಷ್ಯರ ಮೈಮೇಲೆ ಇದ್ದುದು ಮೊಣಕಾಲಿಗೆ ಎತ್ತಿ ಕಟ್ಟಿದ ಧೋತರ, ಕಾಲಿಗೆ ರಬ್ಬರ್ ಚಪ್ಪಲಿ. ಗರಗಸದ ಹಲ್ಲು ಅವರ ಎಡಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ತಿರುಗುತ್ತಿತ್ತು. ಮರ ಬಿದ್ದಿತು, ಯಾರಿಗೂ ಏನೂ ಆಗಲಿಲ್ಲ. ಆದರೂ ನನ್ನ ಕಣ್ಣಿನಿಂದ ಆ ಮೊಣಕಾಲು ಇನ್ನೂ ಮರೆಯಾಗಿಲ್ಲ.

ಏಕೆಂದರೆ ಪೂರ್ಣ ವೇಗದಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರು ಓಡುತ್ತದೆ. ಚೈನು ಸುತ್ತುವ ಪಟ್ಟಿಯ ತುದಿಯ ಮೇಲಣ ಕಾಲುಭಾಗ ಯಾವುದಾದರೊಂದು ಟೊಂಗೆಗೆ ತಾಗಿತೆಂದರೆ ಹಲ್ಲು ಕಚ್ಚಿಕೊಂಡು, ಇಡೀ ಯಂತ್ರವು ಹಿಡಿದವನ ಮುಖ ಕುತ್ತಿಗೆಗಳ ಕಡೆಗೆ ಚಿಮ್ಮುತ್ತದೆ. ಕಣ್ಣು ಕಂಡು ಕೈ ತಡೆಯುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ. ಇದನ್ನರಿತೇ ತಯಾರಕರು ಮುಂಗೈಯ ಮುಂದೆ ಬ್ರೇಕಿನ ಕಾಪು ಇರಿಸಿದ್ದಾರೆ: ಚಿಮ್ಮಿದ ಯಂತ್ರ ಮಣಿಕಟ್ಟಿಗೆ ಬಡಿದಾಗ ಚೈನು ನಿಲ್ಲಬೇಕು. ಎಡಗೈಯ ಹೆಬ್ಬೆರಳು ಹಿಡಿಯ ಕೆಳಗೆ ಸುತ್ತಿರಬೇಕು, ಯಂತ್ರ ಭುಜದ ಮೇಲಕ್ಕೆ ಏರಕೂಡದು, ಮರದ ಎರಡು ಪಟ್ಟು ಎತ್ತರದಷ್ಟು ದೂರದಲ್ಲಿ ಬೇರೆ ಯಾರೂ ಇರಕೂಡದು. ಗಾಯಗಳಲ್ಲಿ ಅನೇಕವು ಕಾಲಿಗೆ, ಅದರಲ್ಲೂ ಎಡಗಾಲಿಗೆ ಆಗುವುದರಿಂದ, ಅದಕ್ಕೆಂದೇ ಒಂದು ಬಗೆಯ ಪ್ಯಾಂಟು ಇದೆ; ಅದರ ಪದರಗಳಲ್ಲಿ ತುಂಬಿದ ಉದ್ದನೆಯ ನೂಲೆಳೆಗಳು, ಹಲ್ಲು ತಾಕಿದೊಡನೆ ಎಳೆಯಲ್ಪಟ್ಟು, ಯಂತ್ರದ ಗಾಲಿಗೆ ಸುತ್ತಿಕೊಂಡು ಅದನ್ನು ಉಸಿರುಗಟ್ಟಿಸಿ ನಿಲ್ಲಿಸುತ್ತವೆ. ನೂಲು ಉಕ್ಕನ್ನು ನಿಲ್ಲಿಸುವ ಈ ಉಪಾಯದಷ್ಟು ಕರುಣೆಯುಳ್ಳ ಯುಕ್ತಿ ಈ ಕಸುಬಿನಲ್ಲಿ ಬೇರೊಂದಿಲ್ಲವೆಂದು ನನ್ನ ಭಾವನೆ.

ನಮ್ಮ ರಾಜ್ಯದಲ್ಲಿ 1976ರ ಮರಗಳ ಸಂರಕ್ಷಣಾ ಕಾಯಿದೆ ಇದೆ. ಅದರ ಕಾಳಜಿ ಮರದ ಮೇಲೆ. ಮನುಷ್ಯನ ಪಾಲಿಗೆ ಬಂದುದು 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆ. ಅದರ ಎರಡನೆಯ ಅನುಸೂಚಿಯು ಮರ ಕಡಿಯುವ ವೃತ್ತಿಯನ್ನು ಹೆಸರಿಸಿಯೇ ಸೇರಿಸಿಕೊಂಡಿತ್ತು. ಆದರೆ ಹೊಲದ ಒಡೆಯನಿಂದ ನಿಂತ ಮರ ಕೊಂಡ ವ್ಯಾಪಾರಿ, ಅವನಿಂದ ಗುತ್ತಿಗೆ ಹಿಡಿದ ಮೇಸ್ತ್ರಿ, ಮೇಸ್ತ್ರಿಯ ಬಾಯಿಮಾತಿಗೆ ಬಂದ ಆಳು, ಹೀಗೆ ಕೈಯಿಂದ ಕೈಗೆ ಜಾರುವ ಕೆಲಸದಲ್ಲಿ ಧಣಿ ಯಾರೆಂಬುದೇ ಗಾಯವಾದ ಮೇಲೆ ವಿವಾದವಾಗುತ್ತದೆ. ಗಾಯಗೊಂಡವನನ್ನು ಒಯ್ಯಲು ಕಾಗವಾಡದವರಿಗೆ ಮಿರಜ, ನಿಪ್ಪಾಣಿಯವರಿಗೆ ಕೊಲ್ಲಾಪುರದ ಆಸ್ಪತ್ರೆಗಳು ಹತ್ತಿರ. ಆದರೆ ಒಳಹಳ್ಳಿಯ ಹೊಲದಿಂದ ಮುಖ್ಯ ರಸ್ತೆಗೆ ತಲುಪುವ ತನಕ ರಕ್ತವನ್ನು ಅದುಮಿ ಹಿಡಿಯಲು ಶುಭ್ರವಾದ ಬಟ್ಟೆಯೂ, ಹಾಗೆ ಅದುಮಿ ಹಿಡಿಯಬಲ್ಲ ಒಬ್ಬ ಸಂಗಡಿಗನೂ ತಂಡದಲ್ಲಿ ಇರಲೇಬೇಕು.

ಅಂದು ಹುಣಸೆ ಬಿದ್ದ ಮೇಲೆ ಹಿರಿಯರು ಬೊಡ್ಡೆಯ ಮೇಲೆ ಕುಳಿತು ಹೊಲದ ಯಜಮಾನರೊಡನೆ ಲೆಕ್ಕ ಮಾಡಿದರು. ಪೆಟ್ರೋಲು ಒಂದು, ಆಯಿಲು ಒಂದು, ಚೈನು ಒಂದು, ಟ್ರ್ಯಾಕ್ಟರ್ ಬಾಡಿಗೆ ಒಂದು, ಆಳಿನ ಪಗಾರ ಒಂದು ಎಂದು ಬೆರಳು ಮಡಚುತ್ತ ಬಂದು ಮುಷ್ಟಿ ತುಂಬಿತು. ಪ್ಯಾಂಟಿನ ಮಾತನ್ನು ಅವರೂ ಎತ್ತಲಿಲ್ಲ, ಯಜಮಾನರೂ ಎತ್ತಲಿಲ್ಲ, ಪಕ್ಕದಲ್ಲಿ ನಿಂತಿದ್ದ ನಾನೂ ಎತ್ತಲಿಲ್ಲ.