ಹಗೇವಿನ ಅರಿಶಿನ, ಗೋಡೆಯ ಬೂಷ್ಟು

2019ರ ಆಗಸ್ಟಿನಲ್ಲಿ ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿದಳು. ಅಲ್ಲಿ ಅಪಾಯದ ಮಟ್ಟ 45 ಅಡಿ. ಅಂಥ ಹೊಳೆ ಇಳಿದ ಮೇಲೆ ಸಾಂಗಲಿ, ಮಿರಜಗಳಲ್ಲಿ ಕೆಸರು ಬಳಿಯುವ ಕೆಲಸ ಹೇಗೋ ಮುಗಿಯುತ್ತದೆ. ಆಮೇಲೆ ಕಪಾಟು ಸರಿಸಿದರೆ ಹಿಂದಿನ ಗೋಡೆಯ ತುಂಬ ಕರಿ-ಹಸಿರು ಚುಕ್ಕೆ, ಮೂಗಿಗೆ ಅಡರುವ ಮುಗ್ಗಲು ವಾಸನೆ. ನೆಲಮಾಳಿಗೆಯಿದ್ದರಂತೂ ಕೇಳುವುದೇ ಬೇಡ.

ಬೂಷ್ಟು ಅಣಬೆಯ ಬಳಗದ ಜೀವಿ. ಕಣ್ಣಿಗೆ ಬೀಳುವುದು ಅದರ ಮೇಲ್ಮೈ ಅಷ್ಟೇ. ಕೂದಲಿಗಿಂತ ಸಣ್ಣ ಎಳೆಗಳು ಮರದ ನಾರಿನೊಳಗೆ, ಗಾರೆಯ ಸಂದಿಗಳಲ್ಲಿ ಇಳಿದಿರುತ್ತವೆ. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ. ಎಳೆಗಳಿಂದ ಕಿಣ್ವ ಒಸರಿ, ಕಾಗದ, ಬಟ್ಟೆ, ಮರವನ್ನು ಹೊರಗೇ ಕರಗಿಸಿ ಹೀರಿಕೊಳ್ಳುತ್ತದೆ. ಬೀಜಕಣಗಳು ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ. ಒಂದೆರಡು ದಿನ ತೇವ ಸಿಕ್ಕರೆ ಸಾಕು, ಮೊಳೆಯುತ್ತವೆ.

ಹಾಗಾದರೆ ನೆಲದೊಳಗೆ ಇಟ್ಟದ್ದೆಲ್ಲ ಬೂಷ್ಟು ಹಿಡಿಯಲೇಬೇಕಲ್ಲ? ಸಾಂಗಲಿಯ ಮಗ್ಗುಲಿಗೇ, ವಾರಣೆ ಬಂದು ಕೃಷ್ಣೆಯನ್ನು ಕೂಡುವಲ್ಲಿ, ಹರಿಪುರವಿದೆ. ಅಲ್ಲಿ ಅರಿಶಿನವನ್ನು ನೆಲದೊಳಗಿನ ‘ಪೇವು’ಗಳಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದರು. ನಮ್ಮ ಹಗೇವೇ ಅದು. ಚೆನ್ನಾಗಿ ಒಣಗಿದ ಮಾಲು ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ಒಳಗಿನ ಆಮ್ಲಜನಕ ಕ್ರಮೇಣ ತೀರುತ್ತದೆ, ಇಂಗಾಲದ ಡೈಆಕ್ಸೈಡು ತುಂಬುತ್ತದೆ. ತೇವವೂ ಇಲ್ಲ, ಉಸಿರೂ ಇಲ್ಲ, ಬೂಷ್ಟು ಬದುಕುವುದೆಲ್ಲಿ? ಮನುಷ್ಯನಿಗೂ ಅಲ್ಲಿ ಉಸಿರಿಲ್ಲ. ಅದಕ್ಕೇ ಹಗೇವಿನ ಬಾಯಿ ತೆಗೆದು ತಾಸುಗಟ್ಟಲೆ ಬಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. 2005ರ ಮಹಾಪೂರ ಆ ಪೇವುಗಳಲ್ಲಿ ಬಹುಪಾಲನ್ನು ಹಾಳುಮಾಡಿತು. ಒಳಗೆ ನೀರು ಹೊಕ್ಕ ಮೇಲೆ ಉಳಿಯುವುದೇನು?

ಮನೆಯ ಬಾಯಿಗೆ ಮಣ್ಣು ಮೆತ್ತಲು ಬಾರದು. ನಮ್ಮ ಕೈಲಿರುವುದು ತೇವ ತೆಗೆಯುವುದೊಂದೇ. ಕಿಟಕಿ ತೆರೆಯಿರಿ, ಎನ್-95 ಮಾಸ್ಕು, ಕೈಗವಸು ಹಾಕಿಕೊಳ್ಳಿ. ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣಗಳು ಮನೆ ತುಂಬುತ್ತವೆ. ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಗಿಸಿ. ನೆನೆದ ಗಾದಿ ಉಳಿಸಿಕೊಳ್ಳುವ ಆಸೆ ಬಿಡಿ. ಬ್ಲೀಚನ್ನು ಆ್ಯಸಿಡ್ಡಿನ ಜೊತೆ ಎಂದೂ ಬೆರೆಸಬೇಡಿ, ಕ್ಲೋರಿನ್ ವಿಷಾನಿಲ ಏಳುತ್ತದೆ. ದಮ್ಮಿನ ರೋಗಿಗಳು, ಮಕ್ಕಳು ಆ ಕೋಣೆಗೆ ಬರುವುದೇ ಬೇಡ.

ಹಬ್ಬ ಹತ್ತಿರ ಬಂತೆಂದು ಹಸಿ ಗೋಡೆಗೆ ಬಣ್ಣ ಹೊಡೆಸುವವರೇ ಹೆಚ್ಚು. ದಯವಿಟ್ಟು ತಡೆಯಿರಿ. ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ. ಒಂದೆರಡು ದಿನ ಬಿಟ್ಟು ನೋಡಿದಾಗ ಹಾಳೆಯ ಹಿಂದೆ ಹನಿಗಟ್ಟಿದ್ದರೆ ಗೋಡೆಯಲ್ಲಿ ಹೊಳೆಯ ನೀರು ಇನ್ನೂ ಇದೆ.